ಗಾಣದ ಮುರಿಗೆಪ್ಪನ ಮೆರವಣಿಗೆ

ಬೀಗರ ಎದುರು ಹೇಳಿಕೊಳ್ಳಲು ಏನೂ ಇಲ್ಲದೆ ಕೂರುವುದು ಎಂಥ ಶಿಕ್ಷೆ ಎಂಬುದನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರಷ್ಟು ಬಲ್ಲವರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಮಗಳು ಮಂಗಳಗೌರಿಯನ್ನು ಕೊಟ್ಟಿದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಗಳ ಮನೆಗೆ. ಆ ಬೀಗರ ಮುತ್ತಜ್ಜನ ಮುತ್ತಜ್ಜ ಯಾವುದೋ ರಾಣಿಗೆ ಸೀರೆ ಕೊಟ್ಟಿದ್ದನಂತೆ. ಕೊಟ್ಟಿದ್ದು ಒಂದೇ ಸೀರೆ. ಆದರೆ ಮದುವೆಯ ಮಾತುಕತೆಯಿಂದ ಹಿಡಿದು ಮೊಮ್ಮಗುವಿನ ಜವಳದವರೆಗೆ, ಪ್ರತಿ ಪಂಕ್ತಿಯಲ್ಲೂ ಬೀಗರು ಅದನ್ನು ಬಿಚ್ಚಿ, ಸೆರಗು ತೋರಿಸಿ, ಮತ್ತೆ ಮಡಿಸಿಡುತ್ತಿದ್ದರು.

"ನಿಮ್ ಕಡೆ ಹಿರೀಕರು ಏನ್ ಮಾಡ್ತಿದ್ರು ಬೀಗ್ರೆ?" ಎಂದು ಕೊನೆಗೆ ಬಲು ವಿನಯದಿಂದ ಕೇಳುವರು.

"ಗಾಣ ಆಡಿಸ್ತಿದ್ರು" ಎಂದು ಇವರು ಮಜ್ಜಿಗೆ ಕುಡಿಯುವರು.

ಹೀಗಿರಲು, ಹಳೆಯ ಬರಹಗಳನ್ನು ಓದಿ ಟೈಪು ಮಾಡಿಕೊಡುವ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಪ್ರಕಟಣೆ ವಾಟ್ಸಾಪಿನಲ್ಲಿ ಬಂತು. ಪಾಳೇಗಾರರ ಕಾಲದ ಕಾಗದಪತ್ರಗಳ ಫೋಟೊಗಳನ್ನು ಒಂದು ಸಂಸ್ಥೆ ತನ್ನ ಜಾಲತಾಣದಲ್ಲಿ ಹಾಕಿತ್ತು. ಒಬ್ಬರಿಗೆ ಒಂದು ಪುಟ. ಇದ್ದದ್ದನ್ನು ಇದ್ದಂತೆ ಟೈಪು ಮಾಡಿ ಕಳಿಸಬೇಕು. ಪರಿಶೀಲಕರು ಒಪ್ಪಿದರೆ ಮತ್ತೊಂದು ಪುಟ. ಸಂಬಳವಿಲ್ಲ. ಸಂಬಳವಿಲ್ಲದ ಕೆಲಸವನ್ನು ಮುರುಗೇಂದ್ರಪ್ಪನವರು ಈವರೆಗೆ ಬೇರೆಯವರಿಂದ ಮಾಡಿಸಿದ್ದರೇ ಹೊರತು ತಾವು ಮಾಡಿದವರಲ್ಲ. ಆದರೆ ಅಷ್ಟೊಂದು ಹಳೆಯ ಕಾಗದದೊಳಗೆ ತಮ್ಮ ವಂಶದವನೊಬ್ಬ ಸಿಗದೆ ಎಲ್ಲಿಗೆ ಹೋಗುತ್ತಾನೆ ಎಂಬ ಆಸೆ ಅವರನ್ನು ಇತಿಹಾಸದ ಸೇವೆಗೆ ಇಳಿಸಿತು.

ಮೊದಲ ಪುಟ ಹೋದಷ್ಟೇ ವೇಗದಲ್ಲಿ ವಾಪಸು ಬಂತು. ಅದರ ತಲೆಯ ಮೇಲೆ ಅವರು ‘ಶ್ರೀ’ ಎಂದು ಹಾಕಿ, ಸುತ್ತ ನಾಲ್ಕು ಹೂವಿನ ಚಿತ್ರ ಅಂಟಿಸಿದ್ದರು. (ಹಾಗೆ ಮಾಡದೆ ಆ ಮನೆತನದಲ್ಲಿ ಯಾರೂ ಒಂದಕ್ಷರ ಬರೆದವರಲ್ಲ.) ‘ಮೂಲದಲ್ಲಿ ಇಲ್ಲದ್ದನ್ನು ಸೇರಿಸಬೇಡಿ’ ಎಂದು ಪರಿಶೀಲಕರು ಬರೆದಿದ್ದರು.

"ನೋಡಿದೇನೇ? ದೇವ್ರನ್ನೇ ತೆಗೀರಿ ಅಂತಾರೆ!"

"ಇಲ್ಲದ್ದು ಸೇರಿಸ್ಬೇಡಿ ಅಂತ ನಾನೂ ಬಡ್ಕೊಂತೀನಿ" ಎಂದರು ಪತ್ನಿ ದ್ರಾಕ್ಷಾಯಣಮ್ಮ, ಮೊರದಿಂದ ತಲೆಯೆತ್ತದೆ. "ಅವ್ರು ಬರೆದು ಹೇಳಿದಾರೆ, ನಿಮಗೆ ಕೇಳಿಸ್ತು."

ಒಂದೊಂದೇ ಪುಟ ಬರುತ್ತಾ ಹೋದರೆ ಪೂರ್ವಜ ಸಿಗುವಷ್ಟರಲ್ಲಿ ತಾವೇ ಪೂರ್ವಜರಾಗುತ್ತೇವೆ ಎಂದು ಮುರುಗೇಂದ್ರಪ್ಪನವರಿಗೆ ಅನ್ನಿಸಿತು. ಹೆಂಡತಿಯ ಫೋನನ್ನೂ ಕೈಗೆತ್ತಿಕೊಂಡರು. ಎರಡು ಹೆಸರಿದ್ದರೆ ಎರಡು ಪುಟ.

"ನನ್ ಫೋನಲ್ಲಿ ಏನ್ ಮಾಡ್ತಿದೀರಿ?"

"ನಿನ್ನನ್ನ ಇತಿಹಾಸಕ್ಕೆ ಸೇರಿಸ್ತಿದೀನಿ ಕಣೇ."

"ಸಿಲಿಂಡರ್ ಖಾಲಿ ಆಗೈತೆ. ಮೊದ್ಲು ಅದಕ್ಕೆ ಫೋನ್ ಮಾಡ್ರಿ, ಇತಿಹಾಸ ನಿಧಾನಕ್ಕೆ ಸೇರ್ಕೊಂತೀನಿ."

ಅದೇ ವಾರ ಪವಾಡ ನಡೆಯಿತು. ಮುರುಗೇಂದ್ರಪ್ಪನವರ ಪಾಲಿಗೆ ಬಂದ ಪುಟದ ಕೊನೆಯಲ್ಲಿ ಹೀಗಿತ್ತು: ‘ಚಳ್ಳಕೆರೆ ಗಾಣದ ಮುರಿಗೆಪ್ಪನನ್ನು ಚಾವಡಿಗೆ ಕರೆಸಿ, ಸಮಸ್ತ ಜನರ ಸಮಕ್ಷಮ ಕೊರಳಿಗೆ ಹಾರ ಹಾಕಿಸಿ, ವಾದ್ಯ ಸಮೇತ ಪೇಟೆ ಬೀದಿಯಲ್ಲಿ ಮೆರವಣಿಗೆ’. ಪುಟ ಅಲ್ಲಿಗೆ ಮುಗಿದಿತ್ತು. ಮುರುಗೇಂದ್ರಪ್ಪನವರ ಸಂಶೋಧನೆಯೂ ಅಲ್ಲಿಗೆ ಮುಗಿಯಿತು. ಗಾಣ, ಚಳ್ಳಕೆರೆ, ಮುರಿಗೆಪ್ಪ, ಇನ್ನೇನು ಬೇಕು?

ಸಾಕ್ಷಿ ಬೇಕಿತ್ತು. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವ ಪರಶುರಾಂಪುರದ ಕಡೆ ಬಂದಿದ್ದಾನೆಂದು ತಿಳಿದು, ಕಾರು ಕಳಿಸಿ ಕರೆಸಿದರು. ಆತ ಏಳು ತಲೆಮಾರು ಹಾಡಿ ಹೇಳಿದ. ಮುರಿಗೆಪ್ಪ ಬರಲಿಲ್ಲ. "ಇನ್ನೊಂದ್ಸಲ ಹೇಳಪ್ಪ" ಎಂದರು. ಆಗಲೂ ಬರಲಿಲ್ಲ. "ಇಲ್ಲ ಧಣಿ, ನಿಮ್ ಮನೇಲಿ ಆ ಹೆಸರಿಲ್ಲ" ಎಂದ. "ಎಲ್ಲೋ ಬಿಟ್ಟಿದೀಯ, ಐದನೇ ತಲೇಲಿ ಸೇರ್ಸು" ಎಂದು ಮುರುಗೇಂದ್ರಪ್ಪನವರೇ ಜಾಗ ತೋರಿಸಿದರು. ಆತ ನಿಟ್ಟುಸಿರು ಬಿಟ್ಟು, ಧಣಿಗಳು ಹೇಳಿದ ಕಡೆ ಮುರಿಗೆಪ್ಪನನ್ನು ಹುಟ್ಟಿಸಿ, ಬಂದ ಕಾರಿನಲ್ಲೇ ವಾಪಸು ಹೋದ.

ಮಿಲ್ಲಿನ ಮೇಲೆ ಹೊಸ ಬೋರ್ಡು ಏರಿತು: ‘ಪಾಳೇಗಾರರಿಂದ ಸನ್ಮಾನಿತ ಎಣ್ಣೆ ಮನೆತನ’. ಬೋರ್ಡಿನ ನೆಪದಲ್ಲಿ ಬೀಗರಿಗೆ ಊಟದ ಆಹ್ವಾನ ಹೋಯಿತು. ಅವರು ಬರುವ ಮುಂಚೆ ದ್ರಾಕ್ಷಾಯಣಮ್ಮ ಗಂಡನ ಹಿಂದೆ ಹಿಂದೆಯೇ ಸುತ್ತಿದರು.

"ಏನ್ರೀ, ನನಗೂ ಒಂದು ಪುಟ ಬಂದಿತ್ತು. ನಾನೇ ಓದಿ ಕಳಿಸ್ದೆ. ಒಪ್ಪಿದಾರೆ."

"ನೀನು ಓದಿದ್ಯಾ? ಆ ಕಾಲದ ಅಕ್ಷರಾನ?"

"ನೀವು ಬರೆದ ಸಾಮಾನು ಚೀಟಿ ಇಷ್ಟು ವರ್ಷ ಓದಿದೀನಿ. ಅವ್ರದ್ದು ಎಷ್ಟೋ ವಾಸಿ. ಅದ್ರಾಗೆ ಏನೈತೆ ಅಂದ್ರೆ..."

"ಆಮೇಲೆ ಹೇಳೇ. ಹೋಳಿಗೆ ಎಷ್ಟಾದ್ವು ನೋಡು."

ಪಂಕ್ತಿ ಕೂತಿತು. ಬೀಗರು ಎಲೆಗೆ ನೀರು ಚಿಮುಕಿಸಿ ಸೀರೆ ಬಿಚ್ಚುವ ಸನ್ನಾಹದಲ್ಲಿದ್ದಾಗಲೇ ಮುರುಗೇಂದ್ರಪ್ಪನವರು ಮುರಿಗೆಪ್ಪನನ್ನು ಚಾವಡಿಗೆ ಕರೆಸಿದರು. ಹಾರ ಹಾಕಿಸಿದರು. ವಾದ್ಯ ಊದಿಸಿದರು. ಬೀಗರ ತುತ್ತು ಕೈಯಲ್ಲೇ ಉಳಿಯಿತು. ಆ ಕ್ಷಣದ ಸುಖದಲ್ಲಿ ಮುರುಗೇಂದ್ರಪ್ಪನವರು ತುಪ್ಪವನ್ನು ಹೋಳಿಗೆಗೂ ಹಾಕಿಕೊಂಡರು, ಉಪ್ಪಿನಕಾಯಿಗೂ ಹಾಕಿಕೊಂಡರು.

"ಮೆರವಣಿಗೆ ಎಲ್ಲಿಗೆ ಹೋಯ್ತಂತೆ? ಮುಂದೇನಾಯ್ತು?" ಬೀಗರ ಹೆಂಡತಿ ಕಮಲಾಕ್ಷಮ್ಮ ಕೇಳಿದರು.

"ನನ್ ಪುಟ ಅಲ್ಲಿಗೇ ಮುಗೀತು ಬೀಗತಿಯವರೇ. ಮುಂದಿನ ಪುಟ ಯಾವ ಪುಣ್ಯಾತ್ಮರಿಗೆ ಸಿಕ್ಕಿದೆಯೋ!"

ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ ದ್ರಾಕ್ಷಾಯಣಮ್ಮ ಮೆಲ್ಲಗೆ ಕೆಮ್ಮಿದರು. "ಅದು... ನನಗೇ ಸಿಕ್ಕೈತೆ."

"ಹೌದಾ ಅಕ್ಕ? ಓದ್ರಿ ಮತ್ತೆ!"

"ಊಟ ಆಗ್ಲಿ ಬಿಡ್ರಿ."

"ಊಟ ಇರ್ಲೇ, ಓದು" ಎಂದರು ಮುರುಗೇಂದ್ರಪ್ಪನವರು, ಎದೆಯುಬ್ಬಿಸಿ. "ಜೋರಾಗಿ ಓದು. ಎಲ್ರಿಗೂ ಕೇಳಿಸ್ಲಿ."

ಗಂಡನ ಮಾತು ಮೀರಿದ ಹೆಂಗಸಲ್ಲ ಅವರು (ಅನುಕೂಲವಾದಾಗ). ಫೋನು ತೆರೆದು, ಕನ್ನಡಕ ಏರಿಸಿ, ಜೋರಾಗಿಯೇ ಓದಿದರು: "‘ಮಾಡಿಸುವಾಗ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸತಕ್ಕದ್ದು. ಹಾರವು ಹಳೇ ಮೆಟ್ಟಿನದಾಗಿರತಕ್ಕದ್ದು. ಈತನು ಎಳ್ಳೆಣ್ಣೆಗೆ ಹೊಂಗೆ ಎಣ್ಣೆ ಬೆರೆಸಿ ಮಾರಿದ್ದು ರುಜುವಾತಾಗಿರುವುದರಿಂದ, ಇನ್ನು ಮುಂದೆ ಈತನ ಗಾಣದ ಎಣ್ಣೆಯನ್ನು ದೀಪಕ್ಕೂ ಕೊಳ್ಳತಕ್ಕದ್ದಲ್ಲ.’"

ಬೀಗರು ಕೈಯಲ್ಲಿದ್ದ ತುತ್ತನ್ನು ಈಗ ಬಾಯಿಗಿಟ್ಟು, ಬಹಳ ಹೊತ್ತು, ಬಹಳ ಗಂಭೀರವಾಗಿ ಅಗಿದರು.

"ಮೆರವಣಿಗೆ ಆಗಿದ್ದಂತೂ ನಿಜ ಬೀಗ್ರೆ" ಎಂದರು ಆಮೇಲೆ. "ಅದನ್ನ ಇಲ್ಲ ಅನ್ನೋಕಾಗಲ್ಲ."

"ಅವ್ನು ನಮ್ಮವನಲ್ಲ!" ಮುರುಗೇಂದ್ರಪ್ಪನವರು ಎಲೆಯ ಮುಂದಿನಿಂದ ಅರ್ಧ ಎದ್ದರು. "ಚಳ್ಳಕೆರೆ ತುಂಬಾ ಗಾಣ, ಗಾಣಕ್ಕೊಬ್ಬ ಮುರಿಗೆಪ್ಪ! ಹೆಳವನೇ ಇಲ್ಲ ಅಂದ. ಒಂದ್ಸಲ ಅಲ್ಲ, ಎರಡ್ಸಲ ಅಂದ. ಕೇಳ್ರಿ ಇವಳನ್ನ!"

"ಅಂದಿದ್ದು ಹೌದು" ಎಂದರು ದ್ರಾಕ್ಷಾಯಣಮ್ಮ, ಬೀಗತಿಯ ಎಲೆಗೆ ಹೋಳಿಗೆ ಹಾಕುತ್ತಾ. "ಐದನೇ ತಲೆಗೆ ಸೇರ್ಸು ಅಂದಿದ್ದು ಇವ್ರು."

"ಅಲ್ಲ ಕಣೇ, ಮುಂಚೇನೇ ಹೇಳೋಕೇನಾಗಿತ್ತು ನಿನಗೆ?"

"ಹೇಳೋಕೆ ಬಂದೆ. ಹೋಳಿಗೆ ಎಣಿಸು ಅಂದ್ರಿ."

"ಆ ಪುಟ ಹಾಗೇ ಕಳಿಸ್ಬೇಕಾಗಿತ್ತಾ? ಸ್ವಲ್ಪ ಅತ್ಲಾಗೆ ಇತ್ಲಾಗೆ..."

"ಇದ್ದದ್ದು ಇದ್ದಂಗೇ ಬರೀಬೇಕಂತೆ. ನಿಮ್ಮ ‘ಶ್ರೀ’ನೇ ಬಿಡ್ಲಿಲ್ಲ ಅವ್ರು, ಇನ್ನು ಕತ್ತೆ ತೆಗೆಯೋಕೆ ಬಿಡ್ತಾರಾ?"

ಬೀಗರು ದೊಡ್ಡ ಮನಸ್ಸಿನವರು. ಅಂದು ರಾಣಿಯ ಸೀರೆಯ ಮಾತನ್ನೇ ಎತ್ತಲಿಲ್ಲ. ಎತ್ತಿದ್ದರೆ ಮುರುಗೇಂದ್ರಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಂಜೆ ಅವರು ಹೊರಟರು. ನೆಂಟರು ಕಾರು ಹತ್ತುವಾಗ ಮಿಲ್ಲಿನ ಶೇಂಗಾ ಎಣ್ಣೆಯ ಕ್ಯಾನೊಂದನ್ನು ಕೊಡುವುದು ಆ ಮನೆಯ ಪದ್ಧತಿ. ಕಮಲಾಕ್ಷಮ್ಮ ಎಂದಿನಂತೆ "ಇದೆಲ್ಲ ಯಾಕ್ರಿ" ಎನ್ನುತ್ತಾ ಎರಡೂ ಕೈಯಲ್ಲಿ ಇಸಿದುಕೊಂಡರು. ಆಮೇಲೆ, ಎಂದಿನಂತಲ್ಲದೆ, ಮುಚ್ಚಳ ತಿರುಗಿಸಿ ಮೂಸಿದರು. ಗಂಡನ ಕಡೆ ಹಿಡಿದರು. ಬೀಗರು ಒಂದು ಹನಿಯನ್ನು ಬೆರಳಿಗೆ ಹಾಕಿಕೊಂಡು, ಜರಿ ಪರೀಕ್ಷಿಸುವ ಹಾಗೆ ಉಜ್ಜಿ, ಬೆಳಕಿಗೆ ಹಿಡಿದು, ನಾಲಿಗೆಯ ತುದಿಗೆ ಮುಟ್ಟಿಸಿದರು.

"ಚೆನ್ನಾಗೇ ಐತೆ. ಇಟ್ಕೋ" ಎಂದರು ಹೆಂಡತಿಗೆ.

ಇಷ್ಟು ವರ್ಷಗಳ ನೆಂಟಸ್ತಿಕೆಯಲ್ಲಿ ಆ ಮನೆಯವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಮುರುಗೇಂದ್ರಪ್ಪನವರು ಗೇಟಿನ ಹತ್ತಿರ ನಿಂತು, ಕೈಮುಗಿದು ಸ್ವೀಕರಿಸಿದರು.