ಫ್ರಿಜ್ಜಿನೊಳಗೆ ಎಂಬತ್ತನಾಲ್ಕು ಚಿತ್ರಕಥೆಗಳು

ಒಂದು ವಸ್ತುವನ್ನು ಕೆಡದಂತೆ ಕಾಪಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲವೆಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ನಾನು ಫ್ರಿಜ್ ರಿಪೇರಿಯವನು! ಇಪ್ಪತ್ತೆಂಟು ವರ್ಷಗಳಿಂದ ಊರಿನ ಹಾಲು, ತರಕಾರಿ, ಔಷಧಿಗಳೆಲ್ಲ ಕೆಡದೆ ಉಳಿದಿರುವುದು ನನ್ನ ಕೃಪೆಯಿಂದ. ಹೀಗಿರುವಾಗ, ಹೋದ ತಿಂಗಳು ಒಂದು ಬೆಳಗ್ಗೆ ಹಲ್ಲುಜ್ಜುತ್ತಲೇ ಘೋರ ಪ್ರತಿಜ್ಞೆಯೊಂದನ್ನು ಮಾಡಿದೆ: "ನನ್ನ ಎಂಬತ್ತನಾಲ್ಕು ಚಿತ್ರಕಥೆ ಪುಸ್ತಕಗಳ ಮೇಲೆ ಇನ್ನು ಮುಂದೆ ಒಂದು ಹನಿ ನೀರಾಗಲಿ, ಒಂದು ಎಳೆ ಬಿಸಿಲಾಗಲಿ, ಒಂದು ಹುಳವಾಗಲಿ ಬೀಳಕೂಡದು!"

"ಮೊದ್ಲು ಬಾಯಿ ಮುಕ್ಕಳಿಸಿ. ಕನ್ನಡಿ ಮೇಲೆಲ್ಲ ಹಾರ್ತಿದೆ" ಎಂದಳು ಹೆಂಡತಿ.

ಈ ಪುಸ್ತಕಗಳು ಪೂರ್ತಿ ನನ್ನವೆಂದು ಹೇಳಿಕೊಂಡರೆ ನಾಲಿಗೆಗೆ ಹುಳ ಬಿದ್ದೀತು. ಅರ್ಧ ನನ್ನ ತಂಗಿಯವು. ಚಿಕ್ಕವರಿದ್ದಾಗ ಇಬ್ಬರೂ ತಿಂಡಿಗೆ ಕೊಟ್ಟ ಚಿಲ್ಲರೆಯನ್ನು ಉಳಿಸಿ, ಹದಿನೈದು ದಿನಕ್ಕೊಂದರಂತೆ ಕೊಂಡಿದ್ದೆವು. ಒಂದೇ ಸ್ಟೂಲಿನ ಮೇಲೆ ಒತ್ತರಿಸಿಕೊಂಡು ಕೂತು ಓದುತ್ತಿದ್ದೆವು. ಅವಳು ಬೇಗ ಓದಿ ಮುಗಿಸಿ ಪುಟ ತಿರುಗಿಸಲು ಅವಸರ ಮಾಡುವಳು, ನಾನು ಬಿಡುತ್ತಿರಲಿಲ್ಲ. ಮದುವೆಯಾಗಿ ಹೋಗುವಾಗ ಎಲ್ಲವನ್ನೂ ನನ್ನ ಕೈಗಿಟ್ಟು, "ಜೋಪಾನ ಅಣ್ಣಾ" ಅಂದಳು. ನಾನು ಎಷ್ಟು ಜೋಪಾನ ಮಾಡಿದೆನೆಂದರೆ, ಆಮೇಲೆ ಅವಳು ಮನೆಗೆ ಬಂದಾಗಲೆಲ್ಲ ಹೊರಹೊದಿಕೆಯನ್ನು ಎರಡು ಮಾರು ದೂರದಿಂದ ತೋರಿಸಿ ಒಳಗಿಡುತ್ತಿದ್ದೆ.

ಇಷ್ಟಾದರೂ ನೆಮ್ಮದಿಯಿಂದಿದ್ದೆ. ಅದನ್ನು ಕೆಡಿಸಿದವನು ಹಳೆ ಪುಸ್ತಕಗಳ ವ್ಯಾಪಾರಿ. ಅವನ ಮನೆಯ ಫ್ರಿಜ್ಜಿಗೆ ಗ್ಯಾಸ್ ತುಂಬಿಸಲು ಹೋದಾಗ, ಮಾತಿಗೆ ಮಾತು ಬೆಳೆದು, ನನ್ನ ಬಳಿ ಇಂಥಿಂಥವೆಲ್ಲ ಇವೆಯೆಂದು ಜಂಬ ಕೊಚ್ಚಿದೆ. ಮನುಷ್ಯ ಕುರ್ಚಿ ಬಿಟ್ಟೆದ್ದ!

"ಒಂದನೇ ಸಂಚಿಕೆ ಇದೆಯಾ? ಮಡಿಕೆ ಇಲ್ದೆ?"

"ಒಂದು ಗೀರೂ ಇಲ್ಲ."

"ಸ್ವಾಮೀ, ಅದನ್ನ ಕೊಟ್ರೆ ನಿಮಗೆ ಹೊಸ ಬೈಕ್ ಬರುತ್ತೆ! ಆದ್ರೆ ಗಾಳಿ, ಬೆಳಕು, ತೇವ ಮೂರೂ ತಾಗಬಾರ್ದು. ಒಂದೇ ಒಂದು ಮಡಿಕೆ ಬಿತ್ತೋ, ರದ್ದಿಗೆ ಸಮ."

ಮಾರುವ ಯೋಚನೆ ನನಗಿರಲಿಲ್ಲ. ಆದರೆ ಮನೆಯಲ್ಲಿ ಬೈಕಿನಷ್ಟು ಬೆಲೆಯ ವಸ್ತು ಮಂಚದ ಕೆಳಗಿದೆಯೆಂದು ಗೊತ್ತಾದ ಮೇಲೆ ಆ ಮಂಚದ ಮೇಲೆ ಯಾರಿಗೆ ನಿದ್ದೆ ಬರುತ್ತದೆ? ಅವನು ತಲೆಗೆ ಬಿಟ್ಟ ಹುಳ ಕೊರೆಯತೊಡಗಿತು. ಸೋಮವಾರ ಮಂಚದ ಕೆಳಗಿನಿಂದ ಬೀರುವಿಗೆ ಸಾಗಿಸಿದೆ. ಬೀರುವಿನ ಹಿಂದಿನ ಗೋಡೆ ಮುಟ್ಟಿದರೆ ತಣ್ಣಗಿತ್ತು; ತೇವ! ಮಂಗಳವಾರ ಅಟ್ಟಕ್ಕೆ ಹತ್ತಿಸಿದೆ. ಮಧ್ಯಾಹ್ನ ಹತ್ತಿ ನೋಡಿದರೆ ಅಟ್ಟ ಒಲೆಯಂತೆ ಕಾದಿತ್ತು. ಬುಧವಾರ ಟೀವಿ ಹಿಂದೆ. ಅಲ್ಲಿ ಒಂದು ಹಲ್ಲಿ ನನ್ನನ್ನೇ ನೋಡುತ್ತಿತ್ತು. ಗುರುವಾರ ಹೆಂಡತಿಯ ಸೀರೆಗಳ ನಡುವೆ ತುರುಕಿದೆ.

"ರೀ, ಮನೇಲಿ ಬೆಕ್ಕು ಮರಿ ಹಾಕಿದ್ರೂ ಇಷ್ಟು ಸಲ ಜಾಗ ಬದಲಾಯಿಸಲ್ಲ! ನನ್ನ ಸೀರೆ ಯಾಕ್ರೀ ನೆಲದ ಮೇಲಿವೆ?"

"ಸೀರೆ ಇನ್ನೊಂದು ತರಬಹುದು ಕಣೇ!"

"ತರಬಹುದು ಅಂತ ಹದಿನೆಂಟು ವರ್ಷದಿಂದ ಕೇಳ್ತಾ ಇದೀನಿ."

ಈ ಗಡಿಬಿಡಿಯ ನಡುವೆ ತಂಗಿಯ ಫೋನು ಬಂತು. ಎರಡು ವರ್ಷಗಳಿಂದ ಅವಳ ಕಣ್ಣಿಗೆ ಪೊರೆ ಬಂದು, ಎಲ್ಲ ಹೊಗೆ ಹೊಗೆ. ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುತ್ತಿದ್ದಳು. ಕೊನೆಗೂ ಆಪರೇಷನ್ ದಿನ ಗೊತ್ತಾಗಿತ್ತು.

"ಅಣ್ಣಾ, ಬುಧವಾರ ಆಪರೇಷನ್. ಗುರುವಾರ ಬೆಳಗ್ಗೆ ಹತ್ತಕ್ಕೆ ಪಟ್ಟಿ ಬಿಚ್ತಾರಂತೆ. ನಂಗೊಂದು ಆಸೆ ಇದೆ, ನಗಬಾರ್ದು."

"ಹೇಳು."

"ಪಟ್ಟಿ ಬಿಚ್ಚಿದ ಮೇಲೆ ನಾನು ಮೊದ್ಲು ನೋಡೋದು ನಮ್ಮ ಒಂದನೇ ಸಂಚಿಕೆ ಆಗಿರ್ಬೇಕು. ತರ್ತೀಯಾ?" ಮತ್ತೆ ಸೇರಿಸಿದಳು: "ಮುಟ್ಟಲ್ಲ. ದೂರದಿಂದ ತೋರಿಸಿದ್ರೂ ಸಾಕು."

ಆ ಕೊನೆಯ ಮಾತಿಗೆ ನನಗೆ ನಾಚಿಕೆಯಾಯಿತು. "ತಂದೇ ತರ್ತೀನಿ!" ಎಂದು ಫೋನಿನಲ್ಲೇ ಎದೆ ತಟ್ಟಿಕೊಂಡೆ. ಈಗ ಬೈಕಿನ ಬೆಲೆ ಹಾಳಾಗಿ ಹೋಗಲಿ, ತಂಗಿಗೆ ಕೊಟ್ಟ ಮಾತು ದೊಡ್ಡದಾಯಿತು. ಅಲ್ಲಿಯವರೆಗೆ ಪುಸ್ತಕಕ್ಕೆ ಏನಾದರೂ ಆದರೆ? ಕೂತಲ್ಲಿ ಕೂರಲಾಗದೆ, ಮನೆಗೆ ಅಂಟಿಕೊಂಡ ವರ್ಕ್‌ಶಾಪಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಾಗ, ಮೂಲೆಯಲ್ಲಿದ್ದ ಅನಾಥ ಫ್ರಿಜ್ಜು ಕಣ್ಣಿಗೆ ಬಿತ್ತು.

ನಮ್ಮ ಕಸುಬಿನಲ್ಲಿ ಅನಾಥರೆಂದರೆ, ರಿಪೇರಿಗೆ ಕೊಟ್ಟು ವಾರಸುದಾರರು ಮರೆತು ಹೋದ ಯಂತ್ರಗಳು. "ನಾಳೆ ಬಂದು ತಗೊಂಡೋಗ್ತೀನಿ" ಅಂದವನು ಆರು ತಿಂಗಳು ಬರದಿದ್ದರೆ ಇನ್ನು ಬರುವುದಿಲ್ಲ. ಇದು ನನ್ನ ಇಪ್ಪತ್ತೆಂಟು ವರ್ಷಗಳ ಅನುಭವಸಾರ. ಈ ಫ್ರಿಜ್ಜಿನವನು ಹೋಗಿ ಎರಡು ವರ್ಷ! ನಾನೇ ರಿಪೇರಿ ಮಾಡಿ, ಬಾಗಿಲಿಗೆ ಹೊಸ ರಬ್ಬರ್ ಹಾಕಿದ್ದೆ. ಬಾಗಿಲ ಸಂದಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡುವುದು ನಮ್ಮ ಪರೀಕ್ಷೆ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸತ್ತಿದೆಯೆಂದು ಅರ್ಥ. ಎಳೆದೆ. ಕಾಗದ ಹರಿಯಿತೇ ಹೊರತು ಜಾರಲಿಲ್ಲ! ಕರೆಂಟು ಕೊಡದೆ ಮುಚ್ಚಿಟ್ಟರೆ ಗಾಳಿ ಇಲ್ಲ, ಬೆಳಕಿಲ್ಲ, ತೇವವಿಲ್ಲ. ಹಲ್ಲಿಯಂತೂ ಇಲ್ಲವೇ ಇಲ್ಲ.

ಅಂದೇ ಎಂಬತ್ತನಾಲ್ಕನ್ನೂ ಒಂದರಿಂದ ಕ್ರಮವಾಗಿ ಜೋಡಿಸಿ, ಒಂದನೆಯದು ಎಲ್ಲಕ್ಕಿಂತ ಮೇಲೆ ಬರುವಂತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊಸ ಶೂ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ನಡುನಡುವೆ ಇಟ್ಟು, ತರಕಾರಿ ಡಬ್ಬಿಯಲ್ಲಿ ಮಲಗಿಸಿದೆ. ಗುಟ್ಟು ಇಬ್ಬರಿಗೆ ಗೊತ್ತಾದರೆ ಅದು ಗುಟ್ಟಲ್ಲ ಎಂದು ಹೆಂಡತಿಗೂ ಹೇಳಲಿಲ್ಲ. ಬದಲಿಗೆ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: "ಗ್ಯಾಸ್ ಪರೀಕ್ಷೆ ನಡೆಯುತ್ತಿದೆ. ತೆರೆದರೆ ಅಪಾಯ!"

ಆದರೆ ನನ್ನ ಮನಸ್ಸಿಗೆ ಬೋರ್ಡು ಅಂಟಿಸುವವರು ಯಾರು? ಕಾಲು ಗಂಟೆಗೊಮ್ಮೆ ಹೋಗಿ ತೆರೆದು ನೋಡುತ್ತಿದ್ದೆ.

"ನಮಗೆ ಅಪಾಯ ಅಂತೀರಿ, ನೀವು ಇಪ್ಪತ್ತು ಸಲ ತಲೆ ಒಳಗೆ ಹಾಕ್ತೀರಿ! ಹಸಿವಾಗಿದ್ರೆ ಅಡುಗೆಮನೆ ಫ್ರಿಜ್ ಈ ಕಡೆ ಇದೆ" ಎಂದಳು ಹೆಂಡತಿ.

"ಇದೆಲ್ಲ ತಾಂತ್ರಿಕ ವಿಷಯ, ನಿನಗೆ ತಿಳಿಯಲ್ಲ" ಎಂದೆ ಗಂಭೀರವಾಗಿ. ವರ್ಕ್‌ಶಾಪಿನ ಫೋನು, ರಸೀದಿ, ಗಿರಾಕಿಗಳ ಜಗಳ ಎಲ್ಲವನ್ನೂ ಸಂಭಾಳಿಸುವವಳು ಅವಳೇ. ನನಗೆ ತಿಳಿದಿರುವುದು ಸ್ಕ್ರೂ ಬಿಚ್ಚುವುದೊಂದೇ ಎಂಬುದು ಊರಿಗೆಲ್ಲ ಗೊತ್ತಿತ್ತು.

ಬುಧವಾರ ಇಡೀ ದಿನ ಆಸ್ಪತ್ರೆಯಲ್ಲಿದ್ದೆ. ಆಪರೇಷನ್ ಸುಸೂತ್ರವಾಯಿತು. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಷರಟು ತೊಟ್ಟು, ಒಂದನೇ ಸಂಚಿಕೆಯನ್ನು ಮೆರವಣಿಗೆಯಲ್ಲಿ ಕರೆತರುವ ಠೀವಿಯಿಂದ ವರ್ಕ್‌ಶಾಪಿಗೆ ಹೋದೆ. ಮೂಲೆಯಲ್ಲಿ ನಾಲ್ಕು ಕಾಲುಗಳ ಗುರುತು ಇತ್ತು. ಫ್ರಿಜ್ಜು ಇರಲಿಲ್ಲ!

"ಲೇ! ಇಲ್ಲಿದ್ದ ಫ್ರಿಜ್ ಎಲ್ಲೇ?"

ಹೆಂಡತಿ ಮುಖ ಅರಳಿಸಿಕೊಂಡು ಬಂದಳು. "ಅದಾ? ಗಿರಾಕಿ ನಿನ್ನೆ ಬಂದಿದ್ರು! ಹೂವಿನಂಗಡಿಯವರಂತೆ. ಅಂಗಡಿ ಮುಚ್ಚಿ ಬೇರೆ ಊರಿಗೆ ಹೋಗಿದ್ರಂತೆ, ಈಗ ಮತ್ತೆ ತೆಗೆದಿದ್ದಾರೆ. ಪೂರ್ತಿ ದುಡ್ಡು ಎಣಿಸಿಕೊಂಡು ಕಳಿಸಿದೆ. ಹೇಗೆ ನನ್ನ ವ್ಯವಹಾರ?"

"ತೆರೆದು ನೋಡ್ಲಿಲ್ವಾ?"

"ತೆರೆದ್ರೆ ಅಪಾಯ ಅಂತ ನೀವೇ ಬರೆದಿದ್ರಲ್ಲ! ಅವರಿಗೂ ಹೇಳಿ ಕಳಿಸಿದೀನಿ, ಅಂಗಡಿಗೆ ಹೋದ್ಮೇಲೆ ಹೊರಗಡೆ ನಿಂತು ತೆರೀರಿ ಅಂತ."

ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದೆ. ಅವಳು ಕೂಗಾಡುತ್ತಾಳೆಂದುಕೊಂಡಿದ್ದೆ. ಅವಳು ಗಡಿಯಾರ ನೋಡಿ, ಸೆರಗು ಸಿಕ್ಕಿಸಿ, ಸ್ಕೂಟರಿನ ಕೀಲಿ ತೆಗೆದುಕೊಂಡಳು. "ಹಿಂದೆ ಕೂತ್ಕೊಳ್ಳಿ. ನಾನೇ ಓಡಿಸ್ತೀನಿ."

ದಾರಿಯುದ್ದಕ್ಕೂ ನನಗೆ ಒಂದೇ ಚಿತ್ರ. ಹೂವಿನಂಗಡಿ! ಹೂವೆಂದರೆ ನೀರು! ಬಕೆಟ್ಟು ಬಕೆಟ್ಟು ನೀರು! ಸಿಗ್ನಲ್ಲಿನಲ್ಲಿ ನಿಂತಾಗಲೂ ಕಾಲು ಕುಣಿಯುತ್ತಿತ್ತು. "ಅಲ್ಲಾಡಬೇಡಿ, ಇಬ್ಬರೂ ಬೀಳ್ತೀವಿ" ಎಂದು ಅವಳು ಎರಡು ಸಲ ಗದರಿದಳು.

ಅಂಗಡಿಯ ಯಜಮಾನ ನಡುವಯಸ್ಸಿನ, ನಗುಮುಖದ, ಅಪಾಯವೇ ಇಲ್ಲದ ಮನುಷ್ಯ. ಅವನ ಒಂದು ಕೈಯಲ್ಲಿ ಹನ್ನೆರಡು ಒದ್ದೆ ಗುಲಾಬಿ. ಇನ್ನೊಂದು ಕೈಯಲ್ಲಿ, ಅಗಲವಾಗಿ ಬಿಚ್ಚಿಕೊಂಡ, ನನ್ನ ಎರಡನೇ ಸಂಚಿಕೆ!

"ನಿಲ್ಸಿ!" ಎಂದು ನಾನು ಹಾಕಿದ ಕೂಗಿಗೆ, ಗುಲಾಬಿಗಾಗಿ ಕಾದು ನಿಂತಿದ್ದ ಯುವಕ ಎರಡೂ ಕೈ ಮೇಲೆತ್ತಿದ.

"ಬನ್ನಿ ಸಾರ್! ಫ್ರಿಜ್ ಫಸ್ಟ್ ಕ್ಲಾಸ್! ಈ ಬಣ್ಣದ ಪೇಪರೂ ಬಹಳ ಚೆನ್ನಾಗಿದೆ. ಹೂಗುಚ್ಛ ಸುತ್ತೋಕೆ ಗಟ್ಟಿ. ಎರಡು ವರ್ಷ ಇಟ್ಕೊಂಡಿದ್ದಕ್ಕೆ ನಿಮ್ಮ ಕಡೆಯಿಂದ ಉಡುಗೊರೆ ಅಂದ್ಕೊಂಡೆ."

"ಎಷ್ಟು... ಎಷ್ಟು ಸುತ್ತಿದ್ರಿ?"

"ಈಗ ತಾನೆ ಶುರು ಮಾಡಿದೀನಿ. ಒಂದೇ ಒಂದು."

ಲೆಕ್ಕ ಹಾಕಲು ದೊಡ್ಡ ಗಣಿತ ಬೇಕಿರಲಿಲ್ಲ. ಕ್ರಮವಾಗಿ ಜೋಡಿಸಿದ ಮಹಾನುಭಾವ ನಾನೇ! ಎಲ್ಲಕ್ಕಿಂತ ಮೇಲಿದ್ದುದು ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಉಳಿದ ಎಂಬತ್ತಮೂರನ್ನು ಮಗುವಿನಂತೆ ಎದೆಗವಚಿಕೊಂಡು ಕೇಳಿದೆ, "ಯಾರಿಗೆ ಹೋಯ್ತು ಅದು? ವಿಳಾಸ ಕೊಡಿ! ಕಾಲಿಗೆ ಬೀಳ್ತೀನಿ!"

ಅವನು ನನ್ನನ್ನು ಬಿಟ್ಟು ಹೆಂಡತಿಯ ಮುಖ ನೋಡಿದ. "ನೀವೇ ಅಲ್ವಾಮ್ಮಾ ನಿನ್ನೆ ಹೇಳಿದ್ದು? ನಾದಿನಿಗೆ ಆಪರೇಷನ್ ಆಗಿದೆ, ಬೆಳಗ್ಗೆ ಕಣ್ಣಿನ ಆಸ್ಪತ್ರೆಗೆ ಒಂದು ಒಳ್ಳೆ ಗುಚ್ಛ ಕಳಿಸಿ ಅಂತ? ಒಂಬತ್ತು ಗಂಟೆಗೇ ಕಳಿಸಿದೆ."

ಹೆಂಡತಿ ನಾಲಿಗೆ ಕಚ್ಚಿಕೊಂಡಳು. ನಾನು ಎಂಬತ್ತಮೂರರ ಸಮೇತ ಸ್ಕೂಟರಿಗೆ ಹಾರಿದೆ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿದ್ದುದು ಕಸದ ಬುಟ್ಟಿ. ಗುಚ್ಛ ಬಂದರೆ ಯಾರಾದರೂ ಮೊದಲು ಮಾಡುವುದೇನು? ಹೂವನ್ನು ನೀರಿಗಿಟ್ಟು ಕಾಗದವನ್ನು ಮುದುರಿ ಎಸೆಯುವುದು! ತಂಗಿ ಎರಡು ವರ್ಷ ಹೊಗೆಯಲ್ಲಿ ಕಾದು ಕೇಳಿದ್ದು ಒಂದೇ ವಸ್ತು. ಅದನ್ನು ಇಷ್ಟು ವರ್ಷ ಅವಳ ಕೈಗೆ ಕೊಡದೆ, ಕೊನೆಗೆ ಕಸಕ್ಕೆ ಕಳಿಸಿದ ಪುಣ್ಯಾತ್ಮ ನಾನು. ಮೆಟ್ಟಿಲುಗಳು ಮುಗಿಯುವ ಹೊತ್ತಿಗೆ ಅಳುವೇ ಬಂದಿತ್ತು.

ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟೆ. ಪಟ್ಟಿ ಬಿಚ್ಚಿ ಆಗಿತ್ತು. ಹೂವುಗಳು ಮೇಜಿನ ಮೇಲೆ ಒಂದು ಮಗ್ಗಿನಲ್ಲಿದ್ದವು. ತಂಗಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಮಡಿಲಲ್ಲಿ ನಮ್ಮ ಒಂದನೇ ಸಂಚಿಕೆ. ಒಂದು ಮೂಲೆ ನೆನೆದು ಉಬ್ಬಿತ್ತು. ಹೊರಹೊದಿಕೆಯ ತುಂಬ ಮಡಿಕೆ.

"ಅಯ್ಯೋ! ಮಡಿಕೆ ಬಿದ್ದುಬಿಟ್ಟಿದೆ!" ಎಂದು ನಾನು ಹಣೆ ಚಚ್ಚಿಕೊಂಡೆ.

"ಹೌದು ಅಣ್ಣಾ!" ಅವಳು ಮಗುವಿನಂತೆ ಕೂಗಿದಳು. "ನಂಗೂ ಕಾಣಿಸ್ತಿದೆ! ಡಾಕ್ಟ್ರೇ, ಮಡಿಕೆ ಕಾಣಿಸ್ತಿದೆ!"

ಪಕ್ಕದಲ್ಲಿದ್ದ ಡಾಕ್ಟರಮ್ಮನಿಗೆ ಖುಷಿಯೋ ಖುಷಿ. "ಎಷ್ಟು ಮಡಿಕೆ? ಎಣಿಸಿ ನೋಡೋಣ."

"ಒಂದು, ಎರಡು... ಐದು!"

ಬೈಕಿನ ಬೆಲೆ ಒಂದೊಂದೇ ಬಿಡಿಭಾಗವಾಗಿ ಕಳಚಿ ಬೀಳುತ್ತಿತ್ತು. ಆದರೂ, ಸತ್ಯ ಹೇಳುತ್ತೇನೆ, ಆ ಐದು ಮಡಿಕೆಗಳಷ್ಟು ಸುಂದರವಾದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಕಣ್ಣೊರೆಸಿಕೊಂಡೆ. ಹೆಂಡತಿ ಹಿಂದಿನಿಂದ ನನ್ನ ಬೆನ್ನು ತಟ್ಟಿದಳು.

"ಈಗ ಚಿಕ್ಕ ಅಕ್ಷರ" ಎಂದರು ಡಾಕ್ಟರಮ್ಮ. "ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಸಣ್ಣಕ್ಷರ ಎಲ್ಲಿದೆಯೋ ಅದನ್ನ ಓದಿ."

ತಂಗಿ ಕೊನೆಯ ಪುಟ ತಿರುಗಿಸಿದಳು. ಬುಡದಲ್ಲಿ, ಅಂಚಿಗೆ ಅಂಟಿಕೊಂಡಂತೆ, ಇರುವೆ ಸಾಲಿನಂಥ ಒಂದು ಸಾಲಿತ್ತು. ಅಷ್ಟು ವರ್ಷ ಕಾವಲು ಕಾಯ್ದ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಅವಳು ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ, ಇಡೀ ವಾರ್ಡಿಗೆ ಕೇಳುವಂತೆ ಓದಿದಳು:

"ಓದಿ... ಮುಗಿಸಿದ ಮೇಲೆ... ಇದನ್ನು... ಮತ್ತೊಬ್ಬರಿಗೆ... ಕೊಟ್ಟುಬಿಡಿ."

ಡಾಕ್ಟರಮ್ಮ ನನ್ನನ್ನು ನೋಡಿದರು. ಹೆಂಡತಿ ನನ್ನನ್ನು ನೋಡಿದಳು. ಪಕ್ಕದ ಹಾಸಿಗೆಯ ಅಜ್ಜ, ಒಂದು ಕಣ್ಣಿಗೆ ಪಟ್ಟಿ ಇದ್ದವರು, ಇನ್ನೊಂದರಿಂದ ನನ್ನ ಎದೆಯ ಮೇಲಿದ್ದ ಕಟ್ಟನ್ನು ನೋಡಿ, ಮೆಲ್ಲಗೆ ಕೈ ಚಾಚಿದರು.

"ಅಣ್ಣಾ, ಕೊಟ್ಟುಬಿಡು" ಎಂದಳು ತಂಗಿ. "ಈ ವಾರ್ಡಲ್ಲಿ ಹನ್ನೆರಡು ಹಾಸಿಗೆ ಇದೆ. ನಾನು ಆಗ್ಲೇ ಎಲ್ಲರಿಗೂ ಹೇಳಿಬಿಟ್ಟಿದೀನಿ, ನಮ್ಮಣ್ಣ ಉಳಿದವನ್ನೂ ತರ್ತಾನೆ ಅಂತ."