ಮಾವನ ಜೆಲ್ಲು, ಅತ್ತೆಯ ಕಣ್ಣು

ನಮ್ಮ ಸೋದರಮಾವ ಯಾರಿಗೂ ಏನನ್ನೂ ಒಂದೇ ಸಲಕ್ಕೆ ಕೊಟ್ಟವರಲ್ಲ. ಜಿಪುಣರು ಅಂದುಕೊಳ್ಳಬೇಡಿ, ಪಾಪ! ಕೆಂಗೇರಿ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಮೇಷ್ಟ್ರು. ನೀರು ಹೀರಿ ಉಬ್ಬುವ ಪಾಲಿಮರ್ ಜೆಲ್ಲಿನೊಳಗೆ ಔಷಧಿ ತುಂಬಿಟ್ಟು, ಅದು ಮೈಯೊಳಗೆ ನಿಧಾನವಾಗಿ, ಅಳತೆ ಮೀರದೆ ಇಳಿಯುವಂತೆ ಮಾಡುವುದು ಅವರ ಪಿಎಚ್‌.ಡಿ. ವಿಷಯ. ಆ ನಿಧಾನ ಕಾಲೇಜಿನಲ್ಲೇ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಚಂದ್ರಾ ಲೇಔಟಿನ ಅವರ ಮನೆಗೂ ಬಂತಲ್ಲ!

ನನ್ನ ಪಿಯುಸಿ ಫಲಿತಾಂಶವನ್ನು ಸೈಬರ್ ಕೆಫೆಯಲ್ಲಿ ನೋಡಿಕೊಂಡು ಬಂದವರು ಅವರೇ. ಚಪ್ಪಲಿ ಬಿಡುತ್ತಾ, "ಕನ್ನಡ ಪರವಾಗಿಲ್ಲ ಕಣೋ" ಎಂದರು. ಕೈಕಾಲು ತೊಳೆದು ಬಂದು ಇಂಗ್ಲಿಷ್ ಹೇಳಿದರು. ಫಿಸಿಕ್ಸ್ ಹೊರಬೀಳುವ ಹೊತ್ತಿಗೆ ಅವರ ಕಾಫಿ ಮುಗಿದಿತ್ತು, ನನ್ನ ಜೀವ ಅರ್ಧ ಹೋಗಿತ್ತು.

"ಮಾವ, ಪಾಸೋ ಫೇಲೋ ಹೇಳ್ಬಿಡಿ!"

"ಒಟ್ಟಿಗೆ ಹೇಳಿದ್ರೆ ತಡ್ಕೊಳ್ಳೋಕಾಗಲ್ಲ ಕಣೋ."

ಫಸ್ಟ್ ಕ್ಲಾಸ್ ಬಂದಿತ್ತು ಸ್ವಾಮಿ!

ಮನೆಗೆ ಬಂದವರಿಗೂ ಪಾಠ ತಪ್ಪಿದ್ದಲ್ಲ. ಕಾಮಕಸ್ತೂರಿ ಬೀಜದ ಶರಬತ್ತನ್ನು ಕೈಗೆ ಕೊಡುವ ಬದಲು ಲೋಟವನ್ನು ಬೆಳಕಿಗೆ ಹಿಡಿದು, "ನೋಡಿ, ಬೀಜದ ಸುತ್ತ ಲೋಳೆ ಹೇಗೆ ಉಬ್ಬಿದೆ! ನನ್ನ ಜೆಲ್ಲೂ ಹೀಗೇ" ಎಂದು ಶುರು ಮಾಡುತ್ತಿದ್ದರು. ಮಹಡಿಯ ಮೇಲೆ ಬಾಡಿಗೆಗಿದ್ದ ಹುಬ್ಬಳ್ಳಿಯವರು ಒಮ್ಮೆ ಬಿಸಿಲಲ್ಲಿ ಬಂದು ಕೂತಿದ್ದವರು, "ಸರ, ಮೊದ್ಲ ಕುಡ್ಯಾಕ ಕೊಡ್ರಿ, ಆಮ್ಯಾಲ ಪಾಠ ಹೇಳ್ರಿ!" ಎಂದೇಬಿಟ್ಟರು.

ಇಷ್ಟೆಲ್ಲ ಯಾಕೆ ಅಂತೀರಾ? ಅತ್ತೆಗೆ ಗ್ಲಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಸವೆಯುತ್ತಿತ್ತು. ಹೋದದ್ದು ಮತ್ತೆ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ಹೊತ್ತುಹೊತ್ತಿಗೆ ಔಷಧಿಯ ಹನಿ ಬೀಳಬೇಕು. ಬಿದ್ದ ಹನಿಯೂ ಬಹುಪಾಲು ಕಣ್ಣೀರಿನ ಜೊತೆ ಹರಿದುಹೋಗುತ್ತದೆ. ರೆಪ್ಪೆಯೊಳಗೆ ಕೂತು ದಿನವಿಡೀ ಔಷಧಿ ಬಿಡುವ ಜೆಲ್ಲಿನ ಚೂರಿಗಾಗಿ ಮಾವನ ಒದ್ದಾಟ. ಅಲ್ಲಿಯವರೆಗೆ ಮಧ್ಯಾಹ್ನದ ಹನಿ ಹಾಕಲು ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ಅತ್ತೆ ತಾವೇ ಹಾಕಿಕೊಂಡರೆ ಅದು ಮೂಗಿನ ಮೇಲೆ ಬೀಳುತ್ತಿತ್ತು.

ಒಂದು ದಿನ ನಾನೂ ಅಲ್ಲಿದ್ದೆ. ಅತ್ತೆ, "ರೀ, ಈ ಓಡಾಟ ಸಾಕು. ನಿಮ್ಮ ಜೆಲ್ಲನ್ನ ನನ್ನ ಕಣ್ಣಿಗೇ ಹಾಕಿ ನೋಡ್ಬಿಡಿ. ಹೇಗೂ ಹೋಗ್ತಿರೋ ಕಣ್ಣು" ಎಂದರು.

ಮಾವ ಎಂದೂ ದನಿ ಎತ್ತಿದವರಲ್ಲ. "ಸುಮ್ನಿರೇ! ಏನಾಗುತ್ತೋ ಗೊತ್ತಿಲ್ಲದ್ದನ್ನ ನಿನ್ನ ಕಣ್ಣಿಗೆ ಹಾಕ್ಲಾ? ಪಿಎಚ್‌.ಡಿ. ಹಾಳಾಗ್ ಹೋಗ್ಲಿ. ನೀನು ನನ್ನ ಮುಖ ನೋಡ್ತಿರ್ಬೇಕು, ಅಷ್ಟೆ!" ಎಂದು ಕೂಗಿದರು. ಕಣ್ಣಲ್ಲಿ ನೀರು ತುಂಬಿತ್ತು.

ಆಮೇಲೆ ಹನಿಯ ಬಾಟಲಿ ತಂದು, ಅತ್ತೆಯ ಗಲ್ಲ ಹಿಡಿದು, "ಮೇಲೆ ನೋಡು" ಎಂದರು. ಅತ್ತೆ ಮೇಲೆ ನೋಡಲಿಲ್ಲ. ಮಾವನನ್ನೇ ನೋಡುತ್ತಾ ಕೂತರು.