ಅತ್ತೆಯ ಹಾಡಿಗೆ ಹೊಸ ಪ್ರೊಸೆಸರ್

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಕಂಪ್ಯೂಟರಿನ ಪ್ರೊಸೆಸರ್ ಬದಲಿಸುವುದು ಬಲ್ಬು ಬದಲಿಸಿದಷ್ಟೇ ಕೆಲಸ ಎಂದು ನಾನು ನಂಬಿದ್ದೆ. ಹಳೆಯದನ್ನು ಎತ್ತಬೇಕು, ಹೊಸದನ್ನು ಇಡಬೇಕು. ಅದರಲ್ಲೇನಿದೆ ಮಹಾ? ಸಿದ್ದಾಪುರದ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರ್ ಬಂದು ನಾಲ್ಕು ವರ್ಷವಾಗಿತ್ತು. ಅದರ ಡಬ್ಬಿಯನ್ನು ಎರಡು ಸಲ ಬಿಚ್ಚಿ ಧೂಳು ಒರೆಸಿದ ಅಪಾರ ಅನುಭವ ನನಗಿತ್ತು!

ಆ ಡಬ್ಬಿಯೊಳಗೆ ನನ್ನ ಅತ್ತೆಯ ಹದಿನಾರು ಹಾಡುಗಳಿದ್ದವು. ಅವರ ಗಂಟಲಿಗೆ ಆಪರೇಶನ್ ಆಗಬೇಕೆಂದು ಡಾಕ್ಟರು ಹೇಳಿದ ವಾರ, ನನ್ನ ಹೆಂಡತಿ ಸುಮ ತಾಯಿಯನ್ನು ಮೈಕಿನ ಮುಂದೆ ಕೂರಿಸಿ, ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಂದು ನೆನಪಾದದ್ದನ್ನೆಲ್ಲ ಹಾಡಿಸಿ ತುಂಬಿಟ್ಟಿದ್ದಳು. ಆಪರೇಶನ್ನಿನಲ್ಲಿ ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಅತ್ತೆ ಏನು ಹೇಳುವುದಿದ್ದರೂ ಕಲ್ಲಿನ ಪಾಟಿಯ ಮೇಲೆ ಬಳಪದ ಕಡ್ಡಿಯಲ್ಲಿ ಬರೆಯುತ್ತಾರೆ. ಮಾತಾಡುತ್ತಿದ್ದಾಗ ಮನೆಮಾತು, ಬರೆಯುವಾಗ ಮಾತ್ರ ನಾಲ್ಕನೇ ಇಯತ್ತೆಯಲ್ಲಿ ಕಲಿತ ಪುಸ್ತಕದ ಭಾಷೆ.

ಮಂಚಿಕೇರಿಯ ಮಗನ ಮನೆಯಿಂದ ಅವರು ನಮ್ಮಲ್ಲಿಗೆ ನಾಲ್ಕು ದಿನಕ್ಕೆಂದು ಬಂದಿದ್ದರು. ಸುಮ ಹಾಡು ಹಾಕಿದಳು. ಹಾಡು ಕಡಿದು ಕಡಿದು ಬಂತು. ಅತ್ತೆ ಸ್ವಲ್ಪ ಹೊತ್ತು ಕೇಳಿ ಪಾಟಿಯಲ್ಲಿ ಬರೆದರು: "ಆ ದಿನ ನನಗೆ ಬಿಕ್ಕಳಿಕೆ ಇತ್ತೇ?"

"ಬಿಕ್ಕಳಿಕೆಯಲ್ಲ ಅತ್ತೆ, ಪ್ರೊಸೆಸರ್ ನಿಧಾನ," ಎಂದು ನಾನು ತೀರ್ಪು ಕೊಟ್ಟೆ. "ಬೇರೆ ಹಾಕಿದರೆ ಸರಾಗ ಬರುತ್ತದೆ."

ಸುಮ ಒಪ್ಪಲಿಲ್ಲ. "ಮೊದ್ಲು ಹಾಡನ್ನೆಲ್ಲ ಶಿರಸಿಗೆ ತಗಂಡು ಹೋಗಿ ಸೀಡಿ ಮಾಡ್ಸ್ಕ್ಯಂಡು ಬನ್ನಿ. ಆಮೇಲೆ ಎಂತ ಬೇಕಾರೂ ಬಿಚ್ಚಿ. ಈಗ ಕೈ ಹಾಕಡಿ."

ಹಾಡು ಇರುವುದು ಹಾರ್ಡ್ ಡಿಸ್ಕಿನಲ್ಲಿ, ನಾನು ಬದಲಿಸುವುದು ಪ್ರೊಸೆಸರನ್ನು, ಇವೆರಡಕ್ಕೂ ಸಂಬಂಧವಿಲ್ಲ ಎಂದು ನಾನು ಚಿತ್ರ ಬರೆದು ವಿವರಿಸಿದೆ. ಚಿತ್ರ ಸರಿಯಾಗಿಯೇ ಇತ್ತು.

ಮರುದಿನ ಶಿರಸಿಯಲ್ಲಿ ಬಸ್ಸು ಬದಲಿಸಿ ಮಂಚಿಕೇರಿಗೆ ಹೋದೆ. ಸುಮಳ ಅಣ್ಣ, ಅಂದರೆ ನನ್ನ ಭಾವ, ತನ್ನ ಕಂಪ್ಯೂಟರಿಗೆ ಆಗಷ್ಟೇ ವೇಗದ ಪ್ರೊಸೆಸರ್ ಹಾಕಿಸಿಕೊಂಡಿದ್ದ. ಅದನ್ನೇ ಎರಡು ದಿನಕ್ಕೆ ಕೇಳಿದೆ. ನಮ್ಮ ಕಡೆ ಹೆಂಡತಿಯ ಮನೆಯಲ್ಲಿ ಅಳಿಯನಿಗೆ ಒಂದು ಸ್ಥಾನವಿದೆ. ಅವನು ಕೇಳಿದ್ದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ, ಹೇಳಿದ್ದಕ್ಕೆ ಯಾರೂ ಅಲ್ಲ ಎನ್ನುವುದಿಲ್ಲ. ಹದಿನೈದು ವರ್ಷ ಇಂಥ ಉಪಚಾರ ಉಂಡವನಿಗೆ ತಾನು ಬುದ್ಧಿವಂತ ಎಂಬ ಭ್ರಮೆ ಬರದಿದ್ದರೆ ಆಶ್ಚರ್ಯ.

"ಅಡ್ಡಿಲ್ಲೆ ಭಾವ, ತಗಂಡು ಹೋಗಲಕ್ಕು," ಎಂದ ಭಾವ ತಲೆ ಕೆರೆದುಕೊಂಡ. "ಆದ್ರೆ ನಿಮ್ಮನೆ ಬೋರ್ಡು ಹಳೇದು... ಇದಕ್ಕೆ ಆಗ್ತೋ ಇಲ್ಯೋ..."

"ಎರಡೂ ಪ್ರೊಸೆಸರಿನ ಅಡಿಗಿರುವ ಪಿನ್ನಿನ ಕಾಲು ಮುನ್ನೂರ ಎಪ್ಪತ್ತೇ," ಎಂದೆ ನಾನು. ಭಾವ ಸ್ಕ್ರೂ ಡ್ರೈವರ್ ತಂದ. ತನ್ನ ಕಂಪ್ಯೂಟರನ್ನು ತಾನೇ ಬಿಚ್ಚಿ, ಪ್ರೊಸೆಸರನ್ನು ಹತ್ತಿಯಲ್ಲಿ ಸುತ್ತಿ, ಸಿಹಿಯ ಖಾಲಿ ಡಬ್ಬಿಯಲ್ಲಿಟ್ಟು ಕೊಟ್ಟ. ಅವನ ಕಂಪ್ಯೂಟರೂ ಅಲ್ಲಿಗೆ ಮೂಲೆ ಸೇರಿತು.

ಮನೆಯಲ್ಲಿ ಮೇಜಿನ ಮೇಲೆ ಹಳೇ ಪಂಚೆ ಹಾಸಿ ಕೆಲಸ ಶುರುಮಾಡಿದೆ. ಅತ್ತೆ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಪ್ರೊಸೆಸರ್ ತನ್ನ ಜಾಗದಲ್ಲಿ ಸಲೀಸಾಗಿ ಕೂತಿತು. ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಇತ್ತು.

ಕೂತದ್ದು ಸರಿಯಾಗಿದೆಯೆಂದ ಮೇಲೆ ತಪ್ಪು ಬೇರೆಲ್ಲೋ ಇರಬೇಕಲ್ಲ? ರ‍್ಯಾಮು ತೆಗೆದು ರಬ್ಬರಿನಿಂದ ಉಜ್ಜಿದೆ. ಕಪ್ಪು. ಒಂದೊಂದೇ ವೈರು ಕಿತ್ತು ಹಾಕಿದೆ. ಕಪ್ಪು. ಕೊನೆಗೆ ಎಲ್ಲವನ್ನೂ ಕಿತ್ತು, ಮೊದಲಿದ್ದ ಪ್ರೊಸೆಸರನ್ನೇ ಕೂರಿಸಿ, ಮರಳಿ ಜೋಡಿಸುತ್ತ ಬಂದೆ. ಹಾರ್ಡ್ ಡಿಸ್ಕಿಗೆ ಕರೆಂಟು ಕೊಡುವ ವೈರಿನ ಬಿಳಿ ತುದಿ ಒಳಗೆ ಹೋಗಲೊಲ್ಲದು. ನನ್ನ ತಾಳ್ಮೆ ಆಗಲೇ ಮುಗಿದಿತ್ತು. ಹೆಬ್ಬೆರಳಿಟ್ಟು ಬಲವಾಗಿ ಒತ್ತಿದೆ. ಹೋಯಿತು.

ಸ್ವಿಚ್ ಒತ್ತಿದೆ. ಟಪ್ ಎಂದು ಸಣ್ಣ ಸದ್ದಾಗಿ, ಸುಟ್ಟ ವಾಸನೆ ಬಂತು.

ಡಬ್ಬಿ, ಮಾನಿಟರು, ಸ್ಪೀಕರ್ ಎಲ್ಲ ಬಾಡಿಗೆ ಕಾರಿನಲ್ಲಿ ಹೇರಿಕೊಂಡು ನಾನೂ ಸುಮಳೂ ಶಿರಸಿಗೆ ಹೋದೆವು. ರಿಪೇರಿಯವನು ಹಾವೇರಿ ಕಡೆಯವನು. ಅರ್ಧ ಗಂಟೆ ನೋಡಿ, ಪಾಠ ಬಾರದ ಹುಡುಗನಿಗೆ ಹೇಳುವಷ್ಟು ನಿಧಾನವಾಗಿ ನನಗೆ ಹೇಳಿದ.

"ಪ್ರೊಸೆಸರ್ ಚಲೋ ಐತ್ರಿ ಸರ. ಬೋರ್ಡೂ ಚಲೋ ಐತಿ. ಆದ್ರ ಒಂದಕ್ಕೊಂದು ಆಗಿಬರಂಗಿಲ್ಲ. ಕಾಲು ಕುಂತ್ರ ಸಾಲಂಗಿಲ್ರಿ, ಅದಕ್ಕ ಬೇಕಾದ ವೋಲ್ಟೇಜ್ ಈ ಹಳೇ ಬೋರ್ಡು ಕೊಡಂಗಿಲ್ಲ."

"ಹಾಗಾದರೆ ಹಾಡು ಕಡಿದು ಬರುತ್ತಿತ್ತಲ್ಲ?"

"ಅದು ಸ್ಪೀಕರಿನ ಪಿನ್ನು ಸಡ್ಲ ಆಗಿತ್ರಿ."

ನಾನು ಅನುಮಾನಿಸಿದ ಎಲ್ಲವೂ ಚೆನ್ನಾಗಿದ್ದವು! ನಾನು ಅನುಮಾನಿಸದಿದ್ದ ಹಾರ್ಡ್ ಡಿಸ್ಕನ್ನು ಅವನು ಕೈಯಲ್ಲಿ ಹಿಡಿದು ಸುಮಳ ಕಡೆ ನೋಡಿದ. ವೈರನ್ನು ತಿರುವುಮುರುವಾಗಿ ತುರುಕಿದ್ದರಿಂದ ಅದು ಸುಟ್ಟಿತ್ತು. ಒಳಗಿದ್ದುದು ಬೆಂಗಳೂರಿಗೆ ಕಳಿಸಿದರೆ ಸಿಗಬಹುದೇನೋ ಎಂದ. ಕಳಿಸಿದೆವು. ಮೂರು ವಾರದ ನಂತರ ಒಂದೂ ಹಾಡು ಸಿಗಲಿಲ್ಲವೆಂಬ ಚೀಟಿಯ ಜೊತೆ ವಾಪಸು ಬಂತು.

ಅತ್ತೆ ಇನ್ನೂ ನಮ್ಮಲ್ಲೇ ಇದ್ದರು. ಚೀಟಿ ಓದಿದ ಸುಮ ತಾಯಿಯ ಕಡೆ ಕಣ್ಣು ಮಾಡಿ, ನನಗೆ ಮಾತ್ರ ಕೇಳುವಂತೆ ಹೇಳಿದಳು. "ಅವತ್ತು, ವೈರು ತುರುಕಿದ ದಿನ, ಆನು ಚಾ ತಗಂಡು ಬಪ್ಪಕ್ಕಿದ್ರೆ ಆಯಿ ಪಾಟಿ ಒರಸ್ತಾ ಇತ್ತು. ಎಂತ ಬರದಿದ್ದೆ ಕೇಳಿದ್ರೆ ಆಗ ಹೇಳಿದ್ದಿಲ್ಲೆ. ನಿನ್ನೆ ಬರದು ತೋರ್ಸ್ತು. ‘ತಿರುಗಿಸಿ ಹಾಕಬೇಕೇನೋ’ ಹೇಳಿ ಬರದಿತ್ತಡ. ಅಳಿಯಂಗೆ ಹೇಳದು ಹೆಂಗೆ ಹೇಳಿ ಒರಸ್ತಡ."

ನಾನು ವೈರು ಕೀಳುವಾಗ ನೋಡುತ್ತಿದ್ದ ಆ ಹೆಂಗಸಿಗೆ, ಅದು ಮೊದಲು ಹೇಗಿತ್ತೆಂದು ನೆನಪಿತ್ತು. ನಾನು ಅವರ ಮುಂದೆ ಹೋಗಿ ಕುಳಿತೆ. ಹಾಡು ಹೋಯಿತು, ನನ್ನಿಂದಲೇ ಹೋಯಿತು ಎಂದೆ. ಅವರು ಪಾಟಿ ತೆಗೆದುಕೊಂಡು ಬರೆದರು: "ಚಿಂತಿಸಬಾರದು. ನನ್ನ ಸ್ವರ ಅಷ್ಟೇನೂ ಇಂಪಾಗಿರಲಿಲ್ಲ."

ಅದು ಶುದ್ಧ ಸುಳ್ಳು. ಅವರ ಹಾಡಿಲ್ಲದೆ ಸುತ್ತಲಿನ ಊರುಗಳಲ್ಲಿ ವಧೂವರರು ಹಸೆಮಣೆ ಏರುತ್ತಿರಲಿಲ್ಲ.

"ಅತ್ತೆ, ಒಂದು ಸಲ ಬೈದುಬಿಡಿ," ಎಂದೆ.

ಅವರು ಪಾಟಿ ಒರೆಸಿ, ಎರಡು ಶಬ್ದ ಬರೆದು, ನನಗೆ ತೋರಿಸದೆ ಮಗಳ ಕೈಗೆ ಕೊಟ್ಟರು. ನಾನು ಬಗ್ಗಿ ಓದಿದೆ: "ನೀನು ಬೈ."

ಸುಮ ಪಾಟಿ ನೋಡಿದಳು, ನನ್ನನ್ನು ನೋಡಿದಳು. ಬಾಯಿ ತೆರೆದಳು. ಅವಳಿಗೂ ಮಾತು ಹೊರಡಲಿಲ್ಲ. ಆ ಕೋಣೆಯಲ್ಲಿ ಸ್ವರ ನೆಟ್ಟಗಿದ್ದವನು ನಾನೊಬ್ಬನೇ. ನನಗೆ ಹಾಡಲು ಬರುವುದಿಲ್ಲ.